ಸ್ಪೇರ್ ಡ್ಯೂಟಿ

ದೊಮ್ಮಲೂರು, ನಾಲ್ಕನೇ ಮಹಡಿ, ಗಾಜಿನ ಕೋಣೆ.
ಡೆಲ್ಫಿನ್ ಮೇಡಂ ಬಿಲ್ಲಿನ ಹಾಳೆಯ ಮೇಲೆ
ಹಳದಿ ಗೆರೆ ಎಳೆದು ಕೇಳಿದರು:
‘ಇದೊಂದು ಮಷೀನು, ತಿಂಗಳಿಗೆ ಎಂಬತ್ತಾರು ಸಾವಿರ.
ಏನು ಕೆಲಸ ಮಾಡುತ್ತೆ?’

ಏನೂ ಮಾಡಲ್ಲ ಮೇಡಂ, ಅಂದೆ.
ಕಾಯುತ್ತೆ.

ಅವರು ಪೆನ್ನಿಗೆ ಮುಚ್ಚಳ ಹಾಕಿದರು.
ಹಾಕಿದ ಸದ್ದಿನಲ್ಲೇ ಗೊತ್ತಾಯಿತು
ಉತ್ತರ ಸಾಲಲಿಲ್ಲವೆಂದು.

ನಮ್ಮದು ರಕ್ತನಿಧಿಗಳ ಲೆಕ್ಕ.
ಊರಿನ ಅರವತ್ತೆರಡು ಫ್ರಿಜ್ಜುಗಳಲ್ಲಿ
ಯಾವ ಗುಂಪಿನದು ಎಷ್ಟು ಚೀಲ,
ಯಾವುದರ ಅವಧಿ ನಾಳೆಗೆ ಮುಗಿಯುತ್ತೆ;
ರಾತ್ರಿ ಎರಡಕ್ಕೆ ಯಾವಳೋ ನರ್ಸು
ಓ ನೆಗೆಟಿವ್ ಅಂತ ಒತ್ತಿ
ಬೆರಳು ಎತ್ತದೆ ನಿಂತರೆ
ಅವಳಿಗೊಂದು ವಿಳಾಸ ಹೇಳುವುದು.
ಅಷ್ಟೇ. ಎಲ್ಲ ಮೋಡದಲ್ಲಿಟ್ಟಿದ್ದೇವೆ ಅನ್ನುತ್ತೇವೆ.
ಮೋಡಕ್ಕೂ ಬಾಡಿಗೆ ಇದೆ, ಗಂಟೆ ಲೆಕ್ಕದ್ದು,
ಸುರಿದರೂ ಸುರಿಯದಿದ್ದರೂ.

ಆಮೇಲೆ ಶುರುವಾಯಿತು ಒಂಬತ್ತುಗಳ ಚೌಕಾಸಿ.
ನೂರಕ್ಕೆ ತೊಂಬತ್ತೊಂಬತ್ತು, ಅಂದರೆ ಎರಡು ಒಂಬತ್ತು:
ವರ್ಷಕ್ಕೆ ಮೂರೂವರೆ ದಿನಕ್ಕೂ ಮಿಕ್ಕಿ ಕತ್ತಲು.
ಮೂರಾದರೆ ಎಂಟೂಮುಕ್ಕಾಲು ಗಂಟೆ.
ನಾಲ್ಕಾದರೆ ಐವತ್ತೆರಡು ನಿಮಿಷ, ಬಿಲ್ಲು ದುಪ್ಪಟ್ಟು.
ಮೇಡಂ ರಸೆಲ್ ಮಾರ್ಕೆಟ್ಟಿನಲ್ಲಿ
ಬಂಗಡೆ ಕೊಂಡು ಪಳಗಿದವರು:
‘ಮೂರರ ರೇಟಿಗೆ ನಾಲ್ಕು ಬರಲ್ವಾ?’
ಬರಲ್ಲ. ಸೊಪ್ಪಿಗೆ ಕೊಸರುಂಟು, ಮೀನಿಗೂ ಉಂಟು.
ಒಂಬತ್ತಿಗೆ ಕೊಸರಿಲ್ಲ.

ಆಗ ನೆನಪಾದದ್ದು ಅಪ್ಪ.
ಸಿದ್ದೋಜಿ ರಾವ್, ಚಾಲಕ, ಶಾಂತಿನಗರ ಡಿಪೊ.
ವಾರಕ್ಕೆರಡು ದಿನ ಸ್ಪೇರ್ ಡ್ಯೂಟಿ.
ಬೆಳಗಿನ ನಾಲ್ಕೂವರೆಗೆ ಹೋಗಿ
ಸಿಮೆಂಟು ಬೆಂಚಿನ ಮೇಲೆ,
ಖಾಕಿಯ ಗುಂಡಿ ಕತ್ತಿನ ತನಕ ಹಾಕಿಕೊಂಡು.
ಯಾರಾದರೂ ಬಾರದಿದ್ದರೆ ಆ ರೂಟಿಗೆ ಅಪ್ಪ.
ಎಲ್ಲರೂ ಬಂದರೆ
ಪೇಪರಿನ ಟೆಂಡರು ಪ್ರಕಟಣೆಯನ್ನೂ ಓದಿ ಮುಗಿಸಿ
ಮಧ್ಯಾಹ್ನ ಮನೆಗೆ.
ಅಮ್ಮ ಕೇಳುತ್ತಿದ್ದಳು: ಸುಮ್ಮನೆ ಕೂತದ್ದಕ್ಕೂ ಸಂಬಳವಾ?
ಅಪ್ಪ ತಟ್ಟೆಯಿಂದ ತಲೆ ಎತ್ತದೆ:
ನೀನೂ ಕೂತು ನೋಡು, ಶೂ ಬಿಚ್ಚದೆ.

ಇದನ್ನು ಮೇಡಂಗೆ ಹೇಳಲಿಲ್ಲ.
ಗಾಜಿನ ಕೋಣೆಗೆ ಅಪ್ಪಂದಿರನ್ನು ಕರೆತರಬಾರದು.

ಕತ್ತರಿಸಬಹುದಾದ್ದನ್ನು ಕತ್ತರಿಸಿದೆ.
ಟೆಸ್ಟಿಂಗ್ ಸರ್ವರುಗಳು ರಾತ್ರಿ ಮಲಗಲಿ,
ಭಾನುವಾರ ಏಳುವುದೇ ಬೇಡ.
ಹಳೆಯ ದಾಖಲೆ ಅಗ್ಗದ ಅಟ್ಟಕ್ಕೆ.
ದಾನಿಗಳಿಗೆ ಹುಟ್ಟುಹಬ್ಬದ ಶುಭಾಶಯ
ಇನ್ನು ಮೇಲೆ ಷೇರ್ ಆಟೊ ಸೀಟಿನಂಥ ಮಷೀನಿನಿಂದ,
ಹೆಚ್ಚು ಕೊಡುವವರು ಬಂದರೆ ಎದ್ದು ಇಳಿಯಬೇಕು.
ತಡವಾದರೆ ತಡ. ಹುಟ್ಟಿದ್ದಂತೂ ಆಗಿದೆಯಲ್ಲ.

ಹೈದರಾಬಾದಿನಲ್ಲಿ ಎಚ್ಚರವಿದ್ದ ಮೂರನೆಯದನ್ನೂ
ಮಲಗಿಸಿದೆ. ಮುಂಬೈಯ ಎರಡೂ ಕಟ್ಟಡ
ಒಟ್ಟಿಗೆ ಮುಳುಗಿದ ದಿನ ಅದನ್ನು ಏಳಿಸಲು
ಅರ್ಧ ಗಂಟೆ ಬೇಕು.
ಆ ಅರ್ಧ ಗಂಟೆಗೆ ಸಹಿ ಹಾಕಿದವಳು ನಾನು.
ಅದನ್ನು ಯಾರು ಕಾಯುತ್ತಾರೆ, ಯಾವ ವಾರ್ಡಿನಲ್ಲಿ,
ಬಿಲ್ಲಿನಲ್ಲಿ ಆ ಕಾಲಂ ಇಲ್ಲ.

ಹಳದಿ ಗೆರೆಯದ್ದನ್ನು ಮಾತ್ರ ಬಿಟ್ಟುಕೊಡಲಿಲ್ಲ.
ಹಠ ಮಾಡಿದೆ, ದನಿ ಕೂಡ ಏರಿತು.
ಕೊನೆಗೆ ಅದರ ಪಕ್ಕ ಪೆನ್ಸಿಲಿನಲ್ಲಿ ಬರೆದರು:
‘ಮಾರ್ಚಿಗೆ ಮತ್ತೆ ನೋಡೋಣ.’

ಫೆಬ್ರವರಿಯ ಒಂದು ರಾತ್ರಿ, ಮೂರು ಹತ್ತು.
ಫೋನು ದಿಂಬಿನಡಿ ಗುಂಯ್ಗುಟ್ಟಿತು.
ಕನ್ನಡಕ ತಡಕಿ ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ
ಮೊದಲನೆಯದು ಬಿದ್ದಿತ್ತು,
ಕಾಯುತ್ತಿದ್ದದ್ದು ಎದ್ದು ಸ್ಟಿಯರಿಂಗ್ ಹಿಡಿದಿತ್ತು.
ನಲವತ್ತೊಂದು ಸೆಕೆಂಡು.
ಈಗ ಬೆಂಚು ಖಾಲಿ.
ಹೊಸದೊಂದು ಬಂದು ಕೂರಲು ಹನ್ನೊಂದು ನಿಮಿಷ.
ಅಷ್ಟು ಹೊತ್ತು ಮಂಚದ ತುದಿಯಲ್ಲಿ ನಾನೇ ಕೂತೆ,
ಯಾಕೋ ಚಪ್ಪಲಿ ಮೆಟ್ಟಿಕೊಂಡು.

ಬೆಳಗಿನ ವರದಿಯಲ್ಲಿ ಒಂದೇ ಸಾಲು:
ದೂರು, ಸೊನ್ನೆ.
‘ಏನೂ ಆಗಲಿಲ್ಲವಲ್ಲ,’ ಅಂದರು ಮೇಡಂ
ಮೆಟ್ಟಿಲಿಳಿಯುತ್ತ.
ಇಲ್ಲ ಮೇಡಂ, ಏನೂ ಆಗಲಿಲ್ಲ.

ದರ್ಶಿನಿಯ ಕೌಂಟರಿನಲ್ಲಿ ಪರ್ಸು ತೆರೆದು
ಒಂದು ಬೈಟು ಕಾಫಿ ಅಂದರು,
ಚಿಲ್ಲರೆ ಎರಡು ಸಲ ಎಣಿಸಿ ಕೊಟ್ಟರು.